ಸತ್ತ ಟಗರನ್ನು ಇದ್ದ ಹಾಗೇ ನಿಲ್ಲಿಸಿಕೊಡ್ತೀವಿ ಅನ್ನುವವರಿಗೆ ಮುಂಗಡ ಕೊಡುವ ಮುಂಚೆ

ಬಾಗಲಕೋಟೆ ಕಡೆ ಟಗರು ಸಾಕುವವರಿಗೆ ಅದರ ಮೇಲೆ ಎಂಥ ಜೀವ ಅಂತ ಬೇರೆ ಹೇಳಬೇಕಿಲ್ಲ. ಅದನ್ನೇ ಬಂಡವಾಳ ಮಾಡಿಕೊಂಡ ಒಬ್ಬನ ಕೈಗೆ ನಮ್ಮ ಕಾಕಾ ಸಿಕ್ಕರು.

ಕಾಕಾ ಅಮೀನಗಡದ ಸಂತೆಯಿಂದ ಮರಿ ಇದ್ದಾಗ ತಂದ ಟಗರು ಬೇಸಿಗೆಯಲ್ಲಿ ವಯಸ್ಸಾಗಿ ಸತ್ತಿತು. ಅದು ಪಡಸಾಲೆಯಲ್ಲಿ ನಿಂತಂತೆಯೇ ಇರಬೇಕು ಅಂತ ಅವರ ಆಸೆ. ಹುಚ್ಚು ಅನ್ನಿ, ಪ್ರೀತಿ ಅನ್ನಿ. ಟ್ಯಾಕ್ಸಿಡರ್ಮಿ, ಅಂದರೆ ಸತ್ತ ಪ್ರಾಣಿಯ ತೊಗಲು ಬಿಡಿಸಿ ಅಚ್ಚಿನ ಮೇಲೆ ಹೊದಿಸಿ ಇದ್ದ ಹಾಗೇ ನಿಲ್ಲಿಸುವ ಕೆಲಸ ಮಾಡ್ತೀನಿ ಅನ್ನುವವನ ನಂಬರ್ ಯಾರೋ ಕೊಟ್ಟರು. "ಚಿಂತಿ ಮಾಡಬ್ಯಾಡ್ರಿ ಕಾಕಾ, ನನ್ನ ಹುಡುಗ ಬಂದು ಸುಲೀತಾನ, ಉಳಿದದ್ದು ನಾ ನೋಡ್ಕೋತೀನ್ರಿ" ಅಂದ. ಮುಂಗಡ ಆಗಲೇ ಹಾಕಿಸಿಕೊಂಡ.

ಬೆಳಿಗ್ಗೆ ಸತ್ತ ಟಗರಿಗೆ ಹುಡುಗ ಬಂದದ್ದು ಇಳಿಹೊತ್ತಿನಲ್ಲಿ. ನಮ್ಮ ಬಿಸಿಲಿಗೆ ಅಷ್ಟರಲ್ಲೇ ಹೊಟ್ಟೆ ಉಬ್ಬಿತ್ತು. ಮಟನ್ ಅಂಗಡಿಯಲ್ಲಿ ಸುಲಿಯುವ ಹಾಗೇ ಸುಲಿದ. ಮೊಣಕಾಲಿಗೇ ಕಾಲು ಕಡಿದು ಹಾಕಿದ. ಇಡೀ ಪ್ರಾಣಿಯನ್ನು ನಿಲ್ಲಿಸಬೇಕಾದರೆ ಕಾಲಿನ ತೊಗಲನ್ನು ಗೊರಸಿನ ತನಕ ಬಿಡಿಸಿ, ಗೊರಸು ತೊಗಲಿಗೇ ಉಳಿಯುವಂತೆ ಕೊನೆಯ ಕೀಲಿನಲ್ಲಿ ಕತ್ತರಿಸಬೇಕು. ಟೇಪು ಹಿಡಿದು ಒಂದು ಅಳತೆಯನ್ನೂ ತೆಗೆದುಕೊಳ್ಳಲಿಲ್ಲ. ಮೂಗಿನಿಂದ ಕಣ್ಣಿನ ಮೂಲೆಗೆ, ಕತ್ತಿನ ಸುತ್ತ, ಎದೆಯ ಸುತ್ತ, ಮೈ ಉದ್ದ, ಎಲ್ಲವನ್ನೂ ಸುಲಿಯುವ ಮುಂಚೆಯೇ ಬರೆದಿಡಬೇಕು. ಒಳಗಿನ ಫೋಮ್ ಅಚ್ಚು ಆ ಅಳತೆಗೇ ಆಗಬೇಕಲ್ವಾ? ಸುಲಿದ ತೊಗಲು ಎಳೆದ ಹಾಗೆ ಹಿಗ್ಗುತ್ತದೆ, ಅದನ್ನು ಅಳೆದು ಉಪಯೋಗವಿಲ್ಲ.

ಕೊಬ್ಬು, ಮಾಂಸದ ಚೂರು ಕೆರೆಯದೇ ಮೇಲೆ ಎರಡು ಹಿಡಿ ಹರಳುಪ್ಪು ಎಸೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದ. ತೊಗಲು ಕೊಳೆಯೋದಕ್ಕೆ ಇದಕ್ಕಿಂತ ಒಳ್ಳೆ ಏರ್ಪಾಡು ಇಲ್ಲ. ಕೊಬ್ಬಿದ್ದಲ್ಲಿ ಉಪ್ಪು ಒಳಗಿಳಿಯೋದಿಲ್ಲ. ಕಿವಿಯನ್ನು ಕೈಚೀಲದ ಹಾಗೆ ಒಳಗಿನಿಂದ ತುದಿಯವರೆಗೆ ಮಗುಚಬೇಕು. ತುಟಿ, ಮೂಗು, ಕಣ್ರೆಪ್ಪೆಯ ದಪ್ಪ ಭಾಗವನ್ನು ಸೀಳಿ ತೆಳ್ಳಗೆ ಮಾಡಬೇಕು. ಆಮೇಲೆ ಪುಡಿಯುಪ್ಪನ್ನು ಒಳಮೈಗೆಲ್ಲ ತಿಕ್ಕಿ, ನೀರು ಇಳಿದುಹೋಗುವಂತೆ ನೆರಳಲ್ಲಿ ಓರೆಯಾಗಿ ಹರಡಬೇಕು. ಮಾರನೆಯ ದಿನ ಒದ್ದೆ ಉಪ್ಪು ಕೊಡವಿ ಹೊಸದು ಹಾಕಬೇಕು. ಉಪ್ಪಿನಲ್ಲಿ ಜಿಪುಣತನ ಬೇಡ, ತೊಗಲಿನ ತೂಕದಷ್ಟು ಹಿಡಿದರೂ ಜಾಸ್ತಿ ಅಲ್ಲ. ಬಿಸಿಲಿಗಂತೂ ಹಾಕಲೇಬಾರದು, ಕೊಬ್ಬು ಕರಗಿ ತೊಗಲು ಸೆಟೆದುಕೊಳ್ಳುತ್ತದೆ.

ಎಷ್ಟೋ ದಿನಗಳ ಮೇಲೆ ಒಂದು ಫೋಟೋ ಬಂತು. ಕಿವಿ ಬೋಳು, ತುಟಿ ಬೋಳು, ಹೊಟ್ಟೆಯ ಉಣ್ಣೆ ಗೊಂಚಲು ಗೊಂಚಲಾಗಿ ಕಿತ್ತು ಬಂದಿತ್ತು. ಒಮ್ಮೆ ಕೂದಲಿನ ಬುಡ ಕೊಳೆತರೆ ಆಮೇಲೆ ಎಂಥ ಹದ ಮಾಡಿದರೂ ಅದು ನಿಲ್ಲೋದಿಲ್ಲ. "ಬಿಸಿಲಿಗೆ ಏನ್ ಮಾಡಾಕಾಗ್ತದ್ರಿ" ಅಂದ ಮುಂಗಡ ತಗೊಂಡವನು. ಮುಂಗಡದ ಮಾತು ತೆಗೆದರೆ ಫೋನ್ ಕಟ್.

ಅಥಣಿ ಕಡೆ ಚಪ್ಪಲಿಗೆ ತೊಗಲು ಹದ ಮಾಡುವವರು ಇದ್ದಾರಲ್ಲ, ಅವರಿಗೇ ಕೊಡಬಹುದಿತ್ತು ಅಂತ ಕೆಲವರು ಅಂದರು. ಅವರ ಕೈಕೆಲಸ ದೊಡ್ಡದು, ಆದರೆ ಅದು ಬೇರೆ ಕೆಲಸ. ಅಲ್ಲಿ ಸುಣ್ಣದ ನೀರಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಇಲ್ಲಿ ಕೂದಲು ಉಳಿಯಬೇಕು.

ಹಾಗಾಗಿ ಯಾರಾದರೂ ಈ ಕೆಲಸ ಒಪ್ಪಿಕೊಂಡರೆ, ಕಿವಿಗೆ ಏನು ಮಾಡ್ತೀರಿ, ಗೊರಸು ಹೇಗೆ ಬಿಡಿಸ್ತೀರಿ, ಅಳತೆ ಯಾವಾಗ ತಗೋತೀರಿ ಅಂತ ಕೇಳಿ. ತಡವರಿಸಿದರೆ ದುಡ್ಡು ಬಿಚ್ಚಬೇಡಿ. ಕೃಷ್ಣಮೃಗದ ತಲೆ, ನವಿಲು ಮಾಡಿದ್ದೀನಿ ಅಂತ ಫೋಟೋ ತೋರಿಸುವವನಾದರೆ ಹತ್ತಿರವೂ ಸೇರಿಸಬೇಡಿ. 1972ರ ವನ್ಯಜೀವಿ ಕಾಯ್ದೆಯ ಕೇಸು ನಿಮ್ಮ ಮನೆ ತನಕ ಬಂದೀತು.

ಇನ್ನೊಂದು. ಕುರಿ, ಟಗರು ಇದ್ದಕ್ಕಿದ್ದಂತೆ ಬಿದ್ದು ಸತ್ತು, ಮೂಗಿನಲ್ಲೋ ಹಿಂಬದಿಯಲ್ಲೋ ರಕ್ತ ಬಂದಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಅದು ಮನುಷ್ಯರಿಗೂ ಹತ್ತುತ್ತದೆ. ಅಂಥ ದೇಹವನ್ನು ಸುಲಿಯೋದಿರಲಿ, ಕೊಯ್ಯಲೂಬಾರದು. ಪಶುವೈದ್ಯರನ್ನು ಕರೆಸಿ.