ತಡಿಯಂಡಮೋಳ್ ಹತ್ತೋದಾ, ಪುಷ್ಪಗಿರಿ ಹತ್ತೋದಾ?

ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, 1748 ಮೀಟರ್. ಎರಡನೆಯದು ಪುಷ್ಪಗಿರಿ, 1712 ಮೀಟರ್. ವ್ಯತ್ಯಾಸ ಬರೀ 36 ಮೀಟರ್ ಅಲ್ವಾ, ಎರಡೂ ಒಂದೇ ಅಂದುಕೊಂಡಿದ್ದೆ. ಒಂದೇ ಚಳಿಗಾಲದಲ್ಲಿ ಎರಡನ್ನೂ ಹತ್ತಿದ ಮೇಲೆ ಆ ಮಾತು ಬಿಟ್ಟೆ. ಒಂದು ಮಣ್ಣಿನ ಬೆಟ್ಟ, ಇನ್ನೊಂದು ಬಂಡೆಯ ಬೆಟ್ಟ.

ತಡಿಯಂಡಮೋಳಿಗೆ ಅಕ್ಕನ ಜೊತೆ ಹೋಗಿದ್ದೆ. ಅವಳಿಗೆ 52 ವರ್ಷ, ಬೆಟ್ಟ ಹತ್ತಿದ್ದು ಅದೇ ಮೊದಲು. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯಿಂದ ಶುರು ಮಾಡಿದೆವು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಅರಮನೆ ಅದು, ಹತ್ತು ನಿಮಿಷ ಒಳಗೆ ಸುತ್ತಾಡಿಯೇ ಮುಂದೆ ಹೋಗಿ. ಅಲ್ಲಿಂದ ಬಹಳ ದೂರ ದಾರಿ ಸಲೀಸು. ಕಾಫಿ ತೋಟ, ಆಮೇಲೆ ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ, ಅಂದರೆ ಗಿಡ್ಡ ಮರಗಳ ದಟ್ಟ ಕಾಡು. ಕಷ್ಟ ಇರುವುದೆಲ್ಲ ಕೊನೆಯಲ್ಲಿ. ಕಾಡಿನೊಳಗೆ ದಾರಿ ಒಮ್ಮೆಲೇ ಕಡಿದಾಗುತ್ತದೆ, ಮರದ ಬೇರುಗಳೇ ಮೆಟ್ಟಿಲು. ಒಂದು ಬೇರನ್ನು ಹಿಡಿದೆ, ಹತ್ತಿದವರ ಕೈಯೆಲ್ಲ ಉಜ್ಜಿ ಅದು ಬಾಗಿಲ ಹಿಡಿಯಷ್ಟು ನುಣ್ಣಗಾಗಿತ್ತು. ಅಕ್ಕ ನಾಲ್ಕು ಹೆಜ್ಜೆಗೊಮ್ಮೆ ನಿಂತಳು, ಆದರೆ ಹೆದರಲಿಲ್ಲ. ಜಾರಿದರೂ ಮಣ್ಣಿನ ಮೇಲೆ ಕೂರುತ್ತೇವೆ, ಅಷ್ಟೇ.

ಪುಷ್ಪಗಿರಿ ಹಾಗಲ್ಲ. ಕುಕ್ಕೆ ಕಡೆಯ ದಾರಿ ತುಂಬಾ ಉದ್ದ. ನಾವು ಹೋದದ್ದು ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ, ಅದು ಅದರ ಅರ್ಧದಷ್ಟು. ಗಿಡ್ಡ ದಾರಿ ಅಂದರೆ ಸುಲಭ ಅಂತ ಅಲ್ಲ, ಅಷ್ಟೇ ಎತ್ತರವನ್ನು ಬೇಗ ಬೇಗ ಏರಬೇಕು. ತೂಗುಸೇತುವೆ ದಾಟಿದ ಮೇಲೆ ದಟ್ಟ ಕಾಡು, ಆಮೇಲೆ ಬಂಡೆ. ಹತ್ತುವಾಗ ಖುಷಿಯೇ ಆಯಿತು. ತುದಿಯಲ್ಲಿ ನಿಂತರೆ ಪಶ್ಚಿಮಕ್ಕೆ ಶೇಷಪರ್ವತ ಎದುರಿಗೇ. ಅದನ್ನು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ನೋಟಕ್ಕೆ ಪುಷ್ಪಗಿರಿಯೇ ಒಂದು ಕೈ ಮೇಲು.

ಇಳಿಯುವುದು ಬೇರೆಯೇ ವಿಷಯ. ನವೆಂಬರ್ ಕೊನೆ, ಮಳೆ ನಿಂತು ಎಷ್ಟೋ ದಿನ ಆಗಿತ್ತು. ಆದರೂ ಬಂಡೆಯ ಸಂದಿನಿಂದ ನೀರು ಒಸರುತ್ತಿತ್ತು. ಅದು ಹರಿದ ಜಾಗದಲ್ಲಿ ತೆಳ್ಳಗೆ ಕಪ್ಪು ಪಾಚಿ. ನೋಡಿದರೆ ಒಣಗಿದ ಹಾಗೇ ಕಾಣುತ್ತದೆ. ಅದರ ಮೇಲೆ ಕಾಲಿಟ್ಟೆ, ಎರಡಾಳು ದೂರ ಜಾರಿ ಹೋದೆ. ಅಂಗೈ ತರಚಿತು, ಇನ್ನೇನೂ ಆಗಲಿಲ್ಲ. ಅಲ್ಲಿಂದ ಕೆಳಕ್ಕೆ ಕೂತುಕೊಂಡೇ ಇಳಿದೆ. ತಡಿಯಂಡಮೋಳಿನಲ್ಲಿ ನನ್ನನ್ನು ಕಾಪಾಡಿದ್ದ ಕಾಫಿ ಗಿಡದ ಕೋಲು ಇಲ್ಲಿ ಬರೀ ತೊಂದರೆ. ಬಂಡೆ ಮೇಲೆ ಅದು ನಿಲ್ಲುವುದಿಲ್ಲ, ಎರಡು ಕೈಯೂ ಖಾಲಿ ಇರಬೇಕು. ಅಲ್ಲಿಗೆ ಕೋಲು ಒಯ್ಯಿರಿ, ಇಲ್ಲಿಗೆ ಬೇಡ. ಇಲ್ಲಿ ದುಡ್ಡು ಹಾಕುವುದಾದರೆ ಒಳ್ಳೆ ಹಿಡಿತದ ಶೂಗೆ ಹಾಕಿ.

ಎರಡಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದೂ ಉಂಟು, ಮೊದಲೇ ವಿಚಾರಿಸಿ. ಮಳೆಗಾಲದ ಜಿಗಣೆ ಎರಡೂ ಕಡೆ ಸಮ. ಎರಡು ಲೀಟರ್ ನೀರು ಹೊರಲೇಬೇಕು.

ಮೊದಲ ಸಲ ಹತ್ತುವವರಿಗೆ, ಮಂಡಿ ನೋವಿರುವವರಿಗೆ ನಾನು ಕಣ್ಣು ಮುಚ್ಚಿ ತಡಿಯಂಡಮೋಳ್ ಹೇಳುತ್ತೇನೆ. ಅಕ್ಕ ಈಗ ಪುಷ್ಪಗಿರಿ ನೋಡಬೇಕು ಅನ್ನುತ್ತಿದ್ದಾಳೆ. ಜನವರಿ ಬರಲಿ, ಬಂಡೆ ಪೂರ್ತಿ ಒಣಗಲಿ, ಕರೆದುಕೊಂಡು ಹೋಗುತ್ತೇನೆ.