ಶ್ವಾಸಕೋಶದ ಗಂಟಿಗೆ ರೇಡಿಯೇಷನ್ ಎಂದರೆ ಅಲ್ಲೇ ಸಹಿ ಹಾಕಬೇಡಿ

ಒಂದೂ ಪ್ರಶ್ನೆ ಕೇಳದೆ ಸಹಿ ಹಾಕಿದವನು ನಾನು. ಬ್ಯಾಂಕಿನಲ್ಲಿ ಊರವರ ಸಾಲಪತ್ರಗಳನ್ನು ಅಕ್ಷರ ಬಿಡದೆ ಓದುವವನು, ಅಪ್ಪನ ಕಾಗದವನ್ನು ಓದಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಪ್ಪನಿಗೆ 67. ಮೂವತ್ತು ವರ್ಷ ಬೀಡಿ ಸೇದಿದವರು. ಕೆಮ್ಮಿರಲಿಲ್ಲ, ನೋವಿರಲಿಲ್ಲ. ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ನಾನೇ ಮಾಡಿಸಿದೆ, ಅದಕ್ಕೆ ಪಶ್ಚಾತ್ತಾಪವಿಲ್ಲ. 2011ರ ಅಮೆರಿಕದ ಅಧ್ಯಯನದಲ್ಲಿ, ಎಕ್ಸ್-ರೇಗಿಂತ ಅದರಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ. 20ರಷ್ಟು ತಗ್ಗಿತ್ತು. ಬಲಗಡೆ 16 ಮಿಲಿಮೀಟರ್ ಗಂಟು ಸಿಕ್ಕಿತು. ಕ್ಯಾನ್ಸರ್, ಮೊದಲ ಹಂತ.

ಆ ಖಾಸಗಿ ಆಸ್ಪತ್ರೆಯ ವೈದ್ಯರು ಹತ್ತು ನಿಮಿಷ ಮಾತನಾಡಿದರು. "ಬೀಡಿ ಸೇದಿದ ಶ್ವಾಸಕೋಶ, ಈ ವಯಸ್ಸು, ಆಪರೇಷನ್ ತಡೆದುಕೊಳ್ಳುವುದಿಲ್ಲ. ಐದು ದಿನ ರೇಡಿಯೇಷನ್ ಕೊಟ್ಟು ಮನೆಗೆ ಕಳುಹಿಸುತ್ತೇವೆ." ಹೊರಗೆ ಕೌನ್ಸೆಲರ್ ಒಂದು ಹಾಳೆ ಕೊಟ್ಟರು: "ರೇಡಿಯೇಷನ್ನೇ ಒಂದು ಕೈ ಮೇಲು ಸಾರ್, ಅಧ್ಯಯನವಿದೆ." ಅವತ್ತೇ ಮುಂಗಡ ಕಟ್ಟಿದೆ.

ಆರು ತಿಂಗಳ ಸ್ಕ್ಯಾನಿನಲ್ಲಿ ಗಂಟಿದ್ದ ಜಾಗದಲ್ಲಿ ಬಿಳಿ ಮಚ್ಚೆ. ರೇಡಿಯೇಷನ್ನಿನ ಕಲೆಯೋ, ಕ್ಯಾನ್ಸರೋ ಈಗಲೇ ಹೇಳಲಾಗದು ಎಂದರು. ಫೈಲ್ ಹಿಡಿದು ಬೇರೆಡೆಯ ಎದೆ ಸರ್ಜನ್ ಬಳಿಗೆ ಓಡಿದೆ. ಅವರು ಪುಟ ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು. "ಉಸಿರು ಊದಿಸಿ ಶ್ವಾಸಕೋಶದ ಶಕ್ತಿ ಅಳೆದ ವರದಿ ಎಲ್ಲಿ?" ಇಲ್ಲ. "ಆಗ ಯಾವ ಸರ್ಜನ್ ನೋಡಿದರು?" ಯಾರೂ ನೋಡಿಲ್ಲ. ಅಪ್ಪ ಪಕ್ಕದಲ್ಲೇ ಕುಳಿತಿದ್ದರು, ನನಗೆ ಅವರತ್ತ ತಿರುಗಲಾಗಲಿಲ್ಲ. ಅಂದೇ ಊದಿಸಿದರು. ರೇಡಿಯೇಷನ್ ಆದ ಮೇಲೂ ಆಪರೇಷನ್ ತಡೆಯುವಷ್ಟು ಉಸಿರು ಅಪ್ಪನಿಗಿತ್ತು! ತಡೆಯುವುದಿಲ್ಲ ಎಂದವರು ಅಳೆದೇ ಇರಲಿಲ್ಲ. ಅಳೆದೇ ಇರಲಿಲ್ಲ.

ಕೌನ್ಸೆಲರ್ ಕೊಟ್ಟ ಆ ಹಾಳೆಯನ್ನು ಆಮೇಲೆ ಓದಿಸಿದೆ. ಅದರಲ್ಲಿದ್ದ ಅಧ್ಯಯನ 2015ರದ್ದು. ರೋಗಿಗಳು ಸೇರದೆ ಅರ್ಧಕ್ಕೆ ನಿಂತ ಎರಡು ಪ್ರಯೋಗಗಳನ್ನು ಕೂಡಿಸಿದ್ದು, ಒಟ್ಟು 58 ಜನ. ಯಾವುದು ಮೇಲು ಎನ್ನಲು ಅಷ್ಟು ಸಾಲದು.

ಮೊದಲಿನ ಆಸ್ಪತ್ರೆಗೆ ಹೋಗಿ ಕೇಳಿದರೆ, "ನೀವು ಕೇಳಲಿಲ್ಲವಲ್ಲ ಸಾರ್." ಇನ್ನೊಬ್ಬರು ಒಪ್ಪಿಗೆ ಪತ್ರ ತೆಗೆದು ಬೆರಳಿಟ್ಟರು: "ಬೇರೆ ಚಿಕಿತ್ಸೆಗಳನ್ನು ವಿವರಿಸಲಾಗಿದೆ ಎಂದು ಬರೆದಿದೆ, ಸಹಿ ನಿಮ್ಮದೇ." ವೈದ್ಯರು, "ಗಂಟು ಬೆಳೆದಿಲ್ಲವಲ್ಲ, ಇನ್ನೇನು ಬೇಕು?" ನನಗೆ ಆಗಲೇ ಪೂರ್ತಿ ಮಾತು ಬೇಕಿತ್ತು.

ರೇಡಿಯೇಷನ್ ಕೆಟ್ಟದ್ದಲ್ಲ. ಆಪರೇಷನ್ ನಿಜಕ್ಕೂ ತಡೆಯದವರಿಗೆ ಅದೇ ಒಳ್ಳೆಯ ದಾರಿ. ಆದರೆ ಆಪರೇಷನ್ನಿನಲ್ಲಿ ಹತ್ತಿರದ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದು ನೋಡುತ್ತಾರೆ, ಸ್ಕ್ಯಾನಿಗೆ ಕಾಣದೆ ಅಲ್ಲಿಗೆ ಹರಡಿದ್ದರೆ ಗೊತ್ತಾಗುತ್ತದೆ. ಇಷ್ಟು ಸಣ್ಣ ಗಂಟಿಗೆ ಶ್ವಾಸಕೋಶದ ಇಡೀ ಹಾಲೆ, ಅಂದರೆ ಒಂದು ದೊಡ್ಡ ವಿಭಾಗವನ್ನೇ ತೆಗೆಯದೆ ಅದರ ಒಂದು ಭಾಗವಷ್ಟೇ ತೆಗೆದರೂ ಸಾಕಾಗಬಹುದಂತೆ. ಇದ್ಯಾವುದನ್ನೂ ನಮಗೆ ಹೇಳಲಿಲ್ಲ.

ಊದಿಸಿದ ವರದಿಯನ್ನು ಕೇಳಿ ಪಡೆಯಿರಿ. ಎದೆ ಸರ್ಜನ್, ರೇಡಿಯೇಷನ್ ವೈದ್ಯರು, ಇಬ್ಬರನ್ನೂ ಕಾಣಿರಿ. ಅವತ್ತೇ ಮುಂಗಡ ಕೇಳಿದರೆ ಎದ್ದು ಬನ್ನಿ.

ಅಪ್ಪನ ದಾಖಲೆಗಳ ಪೂರ್ತಿ ಪ್ರತಿಗೆ ಅರ್ಜಿ ಕೊಟ್ಟಿದ್ದೇನೆ. 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಇವತ್ತಿಗೆ ಹನ್ನೊಂದು ದಿನ. "ಮುಂದಿನ ವಾರ ಬನ್ನಿ" ಎನ್ನುತ್ತಿದ್ದಾರೆ.