ಮಂಡ್ಯದ ಮೇಲಿನ ಇಂಗಾಲ: ಎರಡು ಉಪಗ್ರಹ, ಒಂದು ಮಾದರಿ

ನಮ್ಮೂರು ಮಂಡ್ಯದ ಹತ್ತಿರ. ಸುತ್ತ ಕಬ್ಬು, ಭತ್ತ, ಅಲ್ಲಲ್ಲಿ ಆಲೆಮನೆ. ನಮ್ಮ ತಲೆ ಮೇಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ನೋಡಲು ಮೂರು ಕಡೆಯ ಡೇಟಾ ಇಳಿಸಿಕೊಂಡೆ. ಮೂರೂ ಉಚಿತ.

ಜಪಾನಿನ ಉಪಗ್ರಹ ಗೋಸ್ಯಾಟ್ 2009ರದ್ದು. ಹಳೆಯದಾದ್ದರಿಂದ ವರ್ಷದಿಂದ ವರ್ಷಕ್ಕೆ ಏರಿದ್ದು ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಅಳತೆಯ ಚುಕ್ಕಿಗೂ ಇನ್ನೊಂದಕ್ಕೂ ನೂರು ಕಿ.ಮೀ. ಮೀರಿದ ಅಂತರ. ನಮ್ಮ ಜಿಲ್ಲೆ ಆ ಸಂದಿಯಲ್ಲೇ ಕಳೆದುಹೋಗುತ್ತದೆ.

ನಾನು ಜಾಸ್ತಿ ದಿನ ಕೂತಿದ್ದು ನಾಸಾದ ಉಪಗ್ರಹ ಒಸಿಒ-2 ಜೊತೆ. 2014ರಲ್ಲಿ ಹಾರಿಸಿದ್ದು. ನೆಲಕ್ಕೆ ಬಿದ್ದು ವಾಪಸ್ ಹೋಗುವ ಬಿಸಿಲನ್ನು ಇದು ಓದುತ್ತದೆ. ಆ ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಹೀರಿಕೊಂಡಿದೆ, ಆಮ್ಲಜನಕ ಎಷ್ಟು ಹೀರಿಕೊಂಡಿದೆ ಎಂದು ಹೋಲಿಸಿ, ನೆಲದಿಂದ ಆಕಾಶದವರೆಗಿನ ಸರಾಸರಿ ಕೊಡುತ್ತದೆ. ಒಂದು ಅಳತೆಗೆ ಸುಮಾರು 3 ಚದರ ಕಿ.ಮೀ. ಅಂದರೆ ಒಂದು ಊರು, ಅದರ ಕೆರೆ, ಗದ್ದೆ, ಅಷ್ಟೇ! ಮೊದಲ ಸಲ ನನ್ನ ಗ್ರಾಫ್ ಎರ್ರಾಬಿರ್ರಿ ಬಂತು. ಪ್ರತಿ ಅಂಕಿಯ ಜೊತೆ ಬರುವ ಗುಣಮಟ್ಟದ ಗುರುತು ನೋಡದೆ ಎಲ್ಲ ಅಂಕಿಗಳನ್ನೂ ಸೇರಿಸಿದ್ದೆ. ಕೆಟ್ಟವನ್ನು ತೆಗೆದ ಮೇಲೆ ಸರಿಹೋಯಿತು. ಆಲೆಮನೆ ಹೊಗೆ ಸಿಗಬಹುದು ಅಂತ ಆಸೆಯಿತ್ತು, ಸಿಗಲಿಲ್ಲ. ಸರಾಸರಿಯೇ 400 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 400 ಭಾಗ) ದಾಟಿರುವಾಗ ಒಂದು ಆಲೆಮನೆ ಸೇರಿಸುವುದು ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಕಲ್ಲಿದ್ದಲು ಸ್ಥಾವರಗಳ ಹೊಗೆಯನ್ನು ಮಾತ್ರ ಇದೇ ಉಪಗ್ರಹ ಹಿಡಿದಿದೆ. ಇದು ನೋಡುವ ಪಟ್ಟಿ 10 ಕಿ.ಮೀ. ಅಗಲ, ಅದೇ ದಾರಿಗೆ ಮರಳಲು 16 ದಿನ. ಮೋಡ ಇದ್ದರೆ ಅದೂ ಇಲ್ಲ.

ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದ ಕಾರ್ಬನ್‌ಟ್ರ್ಯಾಕರ್ ಉಪಗ್ರಹವಲ್ಲ, ಕಂಪ್ಯೂಟರ್ ಲೆಕ್ಕದ ಮಾದರಿ. ನೆಲದ ಮೇಲಿನ ಅಳತೆಗಳನ್ನು ಗಾಳಿಯ ಓಟದ ಲೆಕ್ಕದೊಂದಿಗೆ ಸೇರಿಸಿ, ಅನಿಲ ಎಲ್ಲಿಂದ ಬಂತು, ಎಲ್ಲಿ ಇಂಗಿತು ಅಂತ ಹೇಳುತ್ತದೆ. ಉಪಗ್ರಹದ ಬರೀ ಅಂಕಿಯಿಂದ ಇದು ಗೊತ್ತಾಗುವುದಿಲ್ಲ. ಒಂದು ದಿನವೂ ಖಾಲಿ ಇಲ್ಲ. ಆದರೆ ನಮ್ಮ ಕಡೆ ಅದರ ಚೌಕ 3 ಡಿಗ್ರಿ ಉದ್ದ, 2 ಡಿಗ್ರಿ ಅಗಲ. ಮಡಿಕೇರಿಯ ಕಾಡು, ಮಂಡ್ಯದ ಕಬ್ಬು, ಬೆಂಗಳೂರಿನ ಟ್ರಾಫಿಕ್ ಎಲ್ಲಕ್ಕೂ ಒಂದೇ ಅಂಕಿ!

ನನ್ನ ಆಯ್ಕೆ ಒಸಿಒ-2. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣ್ಣು ಮುಚ್ಚಿ ಅದನ್ನೇ ಬಳಸುತ್ತೇನೆ. ಮಳೆಗಾಲಕ್ಕೆ ಮಾದರಿ, ಆದರೆ ಅದನ್ನು ಮಂಡ್ಯದ ಅಂಕಿ ಅನ್ನುವುದಿಲ್ಲ. ನನಗೆ ಬೇಸರ ಇಲ್ಲೇ. ನಾಟಿ ಮುಗಿದು ಭತ್ತ ಪೈರಾಗಿ ಇಂಗಾಲ ಹೀರುವ ತಿಂಗಳಲ್ಲೇ ಮೋಡ ಕವಿದು ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ಅದನ್ನು ಹಿಡಿಯಲು ನಮ್ಮ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಬಯಲಲ್ಲೇ ಗಾಳಿ ಅಳೆಯುವ ಒಂದು ಗೋಪುರ ಬೇಕು.